ಹಳೇ ವಿದ್ಯಾರ್ಥಿಗಳನ್ನು ಮತ್ತೆ ಕ್ಲಾಸಿಗೆ ಕೂರಿಸಿದ್ದು: ನನ್ನ ಅನುಭವ

ನಾನು ಒಂದು ವಿಶ್ವವಿದ್ಯಾಲಯದ ಹಳೇ ವಿದ್ಯಾರ್ಥಿಗಳ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ವರ್ಷಕ್ಕೊಮ್ಮೆ ಶನಿವಾರ, ಭಾನುವಾರ ಎರಡು ದಿನ ಉಪನ್ಯಾಸಗಳು, ಬ್ಯಾಚ್‌ಗಳ ಕೂಟ, ಕ್ಯಾಂಪಸ್ ಸುತ್ತಾಟ ಎಲ್ಲಾ ಇರುತ್ತದೆ. ಅದರ ಹೊಣೆ ನನ್ನದು. ಹೊಣೆ ಅಂದರೆ ಕುರ್ಚಿ ಹಾಕಿಸುವುದರಿಂದ ಹಿಡಿದು ಕುಲಪತಿಗಳ ಭಾಷಣವನ್ನು ಐದು ನಿಮಿಷಕ್ಕೆ ಇಳಿಸುವವರೆಗೆ. ಬೇರೆ ಕಡೆಯವರು ಆಗಾಗ ಫೋನ್ ಮಾಡಿ "ನೀವು ಹೇಗೆ ಮಾಡ್ತೀರಿ, ಸ್ವಲ್ಪ ಹೇಳಿ" ಅಂತಾರೆ. ಪ್ರತಿ ಸಲ ಬಾಯಲ್ಲಿ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅನ್ನಿಸಿತು.

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಾರ್ಯಕ್ರಮದಲ್ಲಿ ಸನ್ಮಾನ ಇಲ್ಲ. ಇದನ್ನು ಹಟ ಹಿಡಿದು ಉಳಿಸಿಕೊಂಡಿದ್ದೇನೆ. ಹಳೇ ವಿದ್ಯಾರ್ಥಿಗಳ ಕೂಟ ಅಂದ ತಕ್ಷಣ ಸ್ವಾಗತ ಭಾಷಣ, ಪ್ರಾಸ್ತಾವಿಕ ನುಡಿ, ಗಣ್ಯರ ಮಾತು, ವಂದನಾರ್ಪಣೆ ಅಂತ ಪಟ್ಟಿ ತನ್ನಷ್ಟಕ್ಕೇ ತಯಾರಾಗುತ್ತದೆ. ವೇದಿಕೆ ತುಂಬ ಜನ, ಕೆಳಗೆ ಕೂತವರ ಕಣ್ಣು ಫೋನಿನ ಮೇಲೆ. ಬಂದವರೆಲ್ಲ ಒಂದು ಕಾಲದಲ್ಲಿ ಇಲ್ಲಿ ಪಾಠ ಕೇಳಿದವರಲ್ವಾ? ಹಾಗಾದರೆ ಪಾಠವನ್ನೇ ಕೇಳಿಸೋಣ, ಅದೂ ಚೆನ್ನಾಗಿರುವ ಪಾಠ. ಉಳಿದದ್ದನ್ನೆಲ್ಲ ಅದರ ಸುತ್ತ ಜೋಡಿಸೋಣ. ಇಷ್ಟೇ ನನ್ನ ಲೆಕ್ಕ.

ಶುರುವಾಗುವ ಜಗಳ ದಿನಾಂಕದ್ದು. ರಜೆಯಲ್ಲಿ ಇಟ್ಟುಕೊಂಡರೆ ಹಾಸ್ಟೆಲ್ ಖಾಲಿ ಇರುತ್ತದೆ, ದೂರದಿಂದ ಬಂದವರಿಗೆ ಅಲ್ಲೇ ರೂಮು ಕೊಡಬಹುದು. ಕೇಂಬ್ರಿಜ್‌ನವರು ಸೆಪ್ಟೆಂಬರ್ ಕೊನೆಯಲ್ಲಿ, ಅಕ್ಟೋಬರ್‌ನಲ್ಲಿ ತರಗತಿ ಶುರುವಾಗುವ ಮುಂಚೆ ಇಟ್ಟುಕೊಳ್ಳುತ್ತಾರೆ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಮೇ ಕೊನೆಯ ಹೊತ್ತಿಗೆ, ಪದವಿ ಪ್ರದಾನಕ್ಕೆ ಸ್ವಲ್ಪ ಮುಂಚೆ. ಅಲ್ಲಿ ಪದವಿ ಪಡೆಯುವ ಮಕ್ಕಳು ಇನ್ನೂ ಕ್ಯಾಂಪಸ್ಸಿನಲ್ಲೇ ಇರುತ್ತಾರೆ. ನನ್ನ ಓಟು ಎರಡನೆಯದಕ್ಕೆ. ವಿದ್ಯಾರ್ಥಿಗಳೇ ಇಲ್ಲದ ಕ್ಯಾಂಪಸ್ ನೋಡೋಕೆ ಚೆಂದ, ಆದರೆ ಬಂದವರು ಅರ್ಧ ದಿನಕ್ಕೆ ಬೇಸರಪಡುತ್ತಾರೆ. ಲೈಬ್ರರಿಯಲ್ಲಿ ಯಾರೋ ಓದುತ್ತಾ ಕೂತಿರಬೇಕು, ಗ್ರೌಂಡಿನಲ್ಲಿ ಗಲಾಟೆ ಇರಬೇಕು, ತಾವು ಇದ್ದ ಹಾಸ್ಟೆಲ್ ರೂಮಿನ ಬಾಗಿಲು ತಟ್ಟಿದರೆ ಒಳಗಿಂದ ಒಬ್ಬ ಹುಡುಗ ಕಣ್ಣುಜ್ಜಿಕೊಂಡು ಬಂದು "ಯಾರು ಸರ್?" ಅನ್ನಬೇಕು. ರೂಮಿನ ಸಮಸ್ಯೆಯನ್ನು ಹೇಗಾದರೂ ಬಗೆಹರಿಸಬಹುದು.

ಯಾವ ಬ್ಯಾಚನ್ನು ಕರೆಯುವುದು ಅನ್ನುವುದು ಇದಕ್ಕಿಂತ ಮುಖ್ಯ. ಎಲ್ಲರಿಗೂ ಬಾಗಿಲು ತೆರೆದಿರುತ್ತದೆ, ಸರಿ. ಆದರೆ "ಎಲ್ಲರೂ ಬನ್ನಿ" ಅಂದರೆ ಯಾರೂ ತಮ್ಮನ್ನೇ ಕರೆದರು ಅಂದುಕೊಳ್ಳುವುದಿಲ್ಲ. ಅದಕ್ಕೆ ಪ್ರತಿ ವರ್ಷ ಕೆಲವು ಬ್ಯಾಚ್‌ಗಳನ್ನು ಹೆಸರು ಹಿಡಿದು ಕರೆಯಬೇಕು. ಐದು ವರ್ಷ, ಹತ್ತು ವರ್ಷ, ಇಪ್ಪತ್ತೈದು, ಐವತ್ತು ಅಂತ ಐದರ ಮಗ್ಗಿ ಹಿಡಿಯುವುದು ವಾಡಿಕೆ. ಅದರ ತೊಂದರೆ ಏನೆಂದರೆ ಹತ್ತನೇ ವರ್ಷದವರಿಗೆ ಐದನೇ ವರ್ಷದವರ ಪರಿಚಯವೇ ಇರುವುದಿಲ್ಲ. ಕಾಲೇಜಿನಲ್ಲಿ ನಮ್ಮ ದೋಸ್ತಿ ಬರೀ ನಮ್ಮ ಬ್ಯಾಚಿನವರ ಜೊತೆ ಇರುತ್ತಿತ್ತಾ? ನೋಟ್ಸ್ ಕೊಟ್ಟ ಸೀನಿಯರ್, ಟೀಮಿನಲ್ಲಿ ಆಡಿದ ಜೂನಿಯರ್ ಎಲ್ಲಾ ಹಿಂದೆ ಮುಂದಿನ ವರ್ಷದವರು. ಅಮೆರಿಕದ ಕಾಲೇಜುಗಳಲ್ಲಿ ಇದಕ್ಕೇ ಡಿಕ್ಸ್ ಪ್ಲಾನ್ ಅನ್ನುವ ಪದ್ಧತಿ ಬಂತು. ಒಂದೇ ಕಾಲದಲ್ಲಿ ಕ್ಯಾಂಪಸ್ಸಿನಲ್ಲಿದ್ದ ಅಕ್ಕಪಕ್ಕದ ಬ್ಯಾಚ್‌ಗಳನ್ನು ಒಟ್ಟಿಗೆ ಕರೆಯುವುದು. ನಾನು ಎರಡನ್ನೂ ಬೆರೆಸಿದ್ದೇನೆ. ಇಪ್ಪತ್ತೈದು ಮತ್ತು ಐವತ್ತು ವರ್ಷದವರನ್ನು ಬಿಡುವ ಹಾಗಿಲ್ಲ, ಅವರು ಹೇಗೂ ಕಾಯುತ್ತಿರುತ್ತಾರೆ. ಉಳಿದವರನ್ನು ಮೂರು ಮೂರು ಬ್ಯಾಚ್ ಸೇರಿಸಿ ಒಂದು ಗುಂಪು ಮಾಡಿ ಕರೆಯುತ್ತೇನೆ. ಹೀಗೆ ಕರೆದ ಗುಂಪಿನವರು ಬರುವುದು ಜಾಸ್ತಿ, ಸಂಜೆ ಎದ್ದು ಹೋಗುವುದು ತಡ.

ಕರೆಯುವುದು ಅಂದರೆ ಇಮೇಲ್ ಕಳಿಸುವುದಲ್ಲ. ಇಮೇಲೂ ಕಳಿಸಬೇಕು, ದಿನಾಂಕ ಗೊತ್ತಾಗಲಿ ಅಂತ. ಆದರೆ ಜನ ಬರುವುದು ಹಳೇ ಗೆಳೆಯ ಫೋನ್ ಮಾಡಿ "ಲೋ, ನಾನು ಹೋಗ್ತಿದೀನಿ, ನೀನೂ ಬಾರೋ" ಅಂದಾಗ. ಅದಕ್ಕೆ ಪ್ರತಿ ಬ್ಯಾಚಿನಲ್ಲಿ ಒಬ್ಬರನ್ನು ಹಿಡಿಯಬೇಕು. ದೊಡ್ಡ ಹುದ್ದೆಯಲ್ಲಿರುವವರನ್ನು ಹಿಡಿಯಬೇಡಿ. ಅವರು ಒಪ್ಪಿಕೊಂಡು ತಮ್ಮ ಸಹಾಯಕರ ನಂಬರ್ ಕೊಡುತ್ತಾರೆ. ಅವತ್ತು ಪಿಕ್ನಿಕ್ಕಿಗೆ ದುಡ್ಡು ಎತ್ತುತ್ತಿದ್ದವರು ಯಾರು, ಎಲ್ಲರ ಹುಟ್ಟಿದ ದಿನ ನೆನಪಿಟ್ಟುಕೊಳ್ಳುತ್ತಿದ್ದವರು ಯಾರು ಅಂತ ಕೇಳಿ. ಪ್ರತಿ ಬ್ಯಾಚಿನಲ್ಲೂ ಅಂಥವರು ಒಬ್ಬರು ಇದ್ದೇ ಇರುತ್ತಾರೆ, ಈಗಲೂ ವಾಟ್ಸಾಪ್ ಗ್ರೂಪ್ ನಡೆಸುತ್ತಿರುವವರು ಅವರೇ. ಒಂದು ಎಚ್ಚರಿಕೆ: ನಮ್ಮ ಕಡೆಯಿಂದ ಅವರಿಗೆ ನಂಬರುಗಳ ಇಡೀ ಪಟ್ಟಿ ಕೊಡುವುದಿಲ್ಲ. ಒಪ್ಪಿಗೆ ಕೊಟ್ಟವರದ್ದು ಮಾತ್ರ. ಉಳಿದವರಿಗೆ ನಾವೇ ಬರೆದು "ನಿಮ್ಮ ಬ್ಯಾಚಿನ ಇಂಥವರು ಹುಡುಕುತ್ತಿದ್ದಾರೆ" ಅಂತ ತಿಳಿಸುತ್ತೇವೆ.

ಈಗ ಉಪನ್ಯಾಸಕ್ಕೆ ಬರೋಣ. ಹೆಸರು ಮಾಡಿದ ಹಳೇ ವಿದ್ಯಾರ್ಥಿಗಳನ್ನೇ ಕರೆದು ಮಾತಾಡಿಸಿ ಅಂತ ಎಲ್ಲರೂ ಸಲಹೆ ಕೊಡುತ್ತಾರೆ. ಅವರು ಬಂದು ತಮ್ಮ ಜೀವನದ ಕಥೆ ಹೇಳುತ್ತಾರೆ. ಕಥೆ ಚೆನ್ನಾಗಿಯೇ ಇರುತ್ತದೆ, ಆದರೆ ಎರಡನೇ ಕಥೆಯ ಹೊತ್ತಿಗೆ ಎಲ್ಲಾ ಒಂದೇ ಥರ ಕೇಳಿಸುತ್ತದೆ. ನಾನು ಈಗ ಇಲ್ಲಿ ಪಾಠ ಮಾಡುತ್ತಿರುವ, ಸಂಶೋಧನೆ ಮಾಡುತ್ತಿರುವ ಮೇಷ್ಟ್ರುಗಳನ್ನು ಕೇಳುತ್ತೇನೆ. ನಾನು ಓದಿದ ಜಾಗದಲ್ಲಿ ಈಗ ಏನು ನಡೀತಿದೆ ಅನ್ನುವ ಕುತೂಹಲ ಬಂದವರಿಗೆಲ್ಲ ಇರುತ್ತದೆ. ಯಾವ ಮೇಷ್ಟ್ರು ಅಂತ ಆರಿಸುವುದಕ್ಕೆ ನಾನು ವಿಭಾಗದ ಮುಖ್ಯಸ್ಥರನ್ನು ಕೇಳುವುದಿಲ್ಲ, ಕೇಳಿದರೆ ಸೀನಿಯಾರಿಟಿ ಪಟ್ಟಿ ಬರುತ್ತದೆ. ಮೊದಲ ವರ್ಷದ ವಿದ್ಯಾರ್ಥಿಗಳನ್ನು ಕೇಳುತ್ತೇನೆ. ಯಾರ ಕ್ಲಾಸಿಗೆ ಬಂಕ್ ಹೊಡೆಯೋಕೆ ಮನಸ್ಸು ಬರಲ್ಲ ಅಂತ.

ಹಾಗೆ ಸಿಕ್ಕವರು ನಮ್ಮ ಭೌತಶಾಸ್ತ್ರ ವಿಭಾಗದ ಒಬ್ಬ ಮೇಡಂ. ವಿಷಯ ಗುರುತ್ವ ಅಲೆಗಳು, ಅಂದರೆ ಆಕಾಶದಲ್ಲಿ ಭಾರೀ ಕಾಯಗಳು ಒಂದಕ್ಕೊಂದು ಡಿಕ್ಕಿಯಾದಾಗ ಜಾಗವನ್ನೇ ಹಿಗ್ಗಿಸಿ ಕುಗ್ಗಿಸುತ್ತಾ ಹರಡುವ ಅಲೆಗಳು. ನನಗೆ ಒಳಗೊಳಗೇ ಅಳುಕು, ಕೂತವರಲ್ಲಿ ಕಾಮರ್ಸ್ ಓದಿದವರು, ಇತಿಹಾಸ ಓದಿದವರು, ಜೊತೆಗೆ ಬಂದ ಮಕ್ಕಳು ಎಲ್ಲಾ ಇದ್ದಾರೆ. ಮೇಡಂ ಬೋರ್ಡಿನ ಮೇಲೆ ಒಂದು ಸಮೀಕರಣವನ್ನೂ ಬರೆಯಲಿಲ್ಲ. ಈ ಅಲೆಗಳನ್ನು ಪತ್ತೆ ಮಾಡುವ ಅಮೆರಿಕದ ಲೈಗೋ ಯಂತ್ರದ ಚಿತ್ರ ಹಾಕಿದರು. ಒಂದಕ್ಕೊಂದು ಲಂಬವಾಗಿ ನಿಂತ ಎರಡು ಕೊಳವೆ, ಒಂದೊಂದೂ 4 ಕಿಲೋಮೀಟರ್ ಉದ್ದ. 2015ರ ಸೆಪ್ಟೆಂಬರ್ 14ರಂದು ಅವುಗಳ ಉದ್ದದಲ್ಲಿ ಪ್ರೋಟಾನಿನ ಗಾತ್ರಕ್ಕಿಂತಲೂ ಎಷ್ಟೋ ಚಿಕ್ಕದಾದ ವ್ಯತ್ಯಾಸ ಕಾಣಿಸಿತು. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುಕುಳಿಗಳು ಒಂದಾಗಿದ್ದರ ಗುರುತು ಅದು. ಆಮೇಲೆ ಆ ಸಂಕೇತವನ್ನು ಶಬ್ದ ಮಾಡಿ ಕೇಳಿಸಿದರು. ಇಡೀ ಘಟನೆ ಒಂದು ಸೆಕೆಂಡಿನ ಐದನೇ ಒಂದು ಭಾಗ. ಕುಯ್ ಅಂತ ಏರಿ ನಿಂತೇಹೋಯಿತು. ಹಾಲ್‌ನಲ್ಲಿ ಒಂದು ಕ್ಷಣ ಗಲಿಬಿಲಿ, ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬರು, ತಲೆ ಪೂರ್ತಿ ಬೆಳ್ಳಗಾದವರು, "ಮೇಡಂ, ಇನ್ನೊಂದ್ಸಲ" ಅಂದರು. ಮತ್ತೆ ಹಾಕಿದರು. ಮತ್ತೆ "ಇನ್ನೊಂದ್ಸಲ". ಹೊರಗೆ ಬಂದ ಮೇಲೂ ಒಬ್ಬರಿಗೊಬ್ಬರು ಬಾಯಲ್ಲಿ ಕುಯ್ ಅನ್ನುತ್ತಾ ನಗುತ್ತಿದ್ದರು. ಉಪನ್ಯಾಸಕ್ಕೆ ಇದಕ್ಕಿಂತ ಒಳ್ಳೇ ಪ್ರಚಾರ ಯಾವುದಿದೆ ಹೇಳಿ.

ಮಾತಾಡುವವರಿಗೆ ನಾನು ಕಳಿಸುವ ಪತ್ರ ಚಿಕ್ಕದು. ನಲವತ್ತು ನಿಮಿಷ ಮಾತು, ಇಪ್ಪತ್ತು ನಿಮಿಷ ಪ್ರಶ್ನೆ. ನಿಮ್ಮ ಪರಿಚಯವನ್ನು ನಾವು ಎರಡು ವಾಕ್ಯದಲ್ಲಿ ಮುಗಿಸುತ್ತೇವೆ, ದಯವಿಟ್ಟು ಬಯೋಡೇಟಾ ಕಳಿಸಬೇಡಿ. ಸಮಯದ ವಿಷಯದಲ್ಲಿ ನಾನು ನೆಚ್ಚಿಕೊಂಡಿರುವುದು ವಿಜ್ಞಾನಿ ಮೈಕೆಲ್ ಫ್ಯಾರಡೆಯನ್ನು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಶುಕ್ರವಾರ ಸಂಜೆಯ ಉಪನ್ಯಾಸಗಳನ್ನು ಶುರುಮಾಡಿದ್ದು ಅವರು. ಅಷ್ಟು ಚೆನ್ನಾಗಿ ಮಾತಾಡುತ್ತಿದ್ದ ಮನುಷ್ಯನೂ ತನ್ನ ಸಹಾಯಕನ ಕೈಯಲ್ಲಿ ಕಾರ್ಡು ಕೊಟ್ಟಿರುತ್ತಿದ್ದರಂತೆ. ವೇಗ ಜಾಸ್ತಿಯಾದರೆ 'ನಿಧಾನ' ಅನ್ನುವ ಕಾರ್ಡು, ಗಂಟೆ ಮುಗಿಯುತ್ತಾ ಬಂದರೆ 'ಸಮಯ' ಅನ್ನುವ ಕಾರ್ಡು ಎದುರಿಗೆ ಬರುತ್ತಿತ್ತು. ನಾವೂ ಮುಂದಿನ ಸಾಲಿನಲ್ಲಿ ಒಬ್ಬ ವಿದ್ಯಾರ್ಥಿನಿಯನ್ನು ಕಾರ್ಡು ಕೊಟ್ಟು ಕೂರಿಸುತ್ತೇವೆ. ಮೇಷ್ಟ್ರಿಗೆ ಮುಂಚೆಯೇ ಹೇಳಿರುತ್ತೇವೆ, ಹುಡುಗಿಗೂ ಹೇಳಿರುತ್ತೇವೆ: ಹೆದರಬೇಡ, ಎತ್ತಿ ಹಿಡಿ, ಅವರು ನೋಡುವ ತನಕ ಇಳಿಸಬೇಡ. ಫ್ಯಾರಡೆ ಹೆಸರು ಹೇಳಿದರೆ ಯಾವ ಮೇಷ್ಟ್ರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಪ್ರಶ್ನೆಯ ಹೊತ್ತು ಹಾಳಾಗುವುದು ಮೈಕಿನಿಂದ. ಮೈಕನ್ನು ಕೇಳುಗರ ಕೈಗೆ ಕೊಟ್ಟರೆ ಕೆಲವರು ಪ್ರಶ್ನೆ ಬಿಟ್ಟು ಭಾಷಣ ಶುರುಮಾಡುತ್ತಾರೆ. ಅದಕ್ಕೆ ಮೈಕು ನಮ್ಮ ಹುಡುಗರ ಕೈಯಲ್ಲೇ ಇರುತ್ತದೆ, ಅವರು ಹಿಡಿದುಕೊಂಡು ನಿಲ್ಲುತ್ತಾರೆ. ಮೊದಲ ಪ್ರಶ್ನೆ ಯಾವಾಗಲೂ ಈಗಿನ ವಿದ್ಯಾರ್ಥಿಯದ್ದು. ಚಿಕ್ಕ ಪ್ರಶ್ನೆ ಬಂದರೆ ಆಮೇಲಿನವೂ ಚಿಕ್ಕದಾಗುತ್ತವೆ, ಯಾಕೋ ಗೊತ್ತಿಲ್ಲ, ಆಗುತ್ತವೆ.

ವೇಳಾಪಟ್ಟಿಯನ್ನು ತುಂಬಿಸಬೇಡಿ. ಒಂದೇ ಹೊತ್ತಿಗೆ ಎರಡು ಉಪನ್ಯಾಸ ಸಾಕು, ಐದಾರು ಇಟ್ಟರೆ ಪ್ರತಿ ಹಾಲ್ ಅರ್ಧ ಖಾಲಿ ಕಾಣಿಸುತ್ತದೆ, ಬಂದ ಗೆಳೆಯರೂ ಚದುರಿ ಹೋಗುತ್ತಾರೆ. ಒಂದು ಉಪನ್ಯಾಸಕ್ಕೂ ಇನ್ನೊಂದಕ್ಕೂ ಮಧ್ಯೆ ನಲವತ್ತೈದು ನಿಮಿಷ ಬಿಡಿ. ಕಾಗದದ ಮೇಲೆ ಇದು ದಂಡ ಅನ್ನಿಸುತ್ತದೆ, ಮೀಟಿಂಗಿನಲ್ಲಿ ಯಾರಾದರೂ "ಇಲ್ಲೊಂದು ಪ್ಯಾನೆಲ್ ಚರ್ಚೆ ಹಾಕಬಹುದಲ್ಲ" ಅಂದೇ ಅನ್ನುತ್ತಾರೆ. ಹಾಕಬೇಡಿ. ಎಪ್ಪತ್ತು ದಾಟಿದವರು ಒಂದು ಕಟ್ಟಡದಿಂದ ಇನ್ನೊಂದಕ್ಕೆ ನಡೆದು, ಶೌಚಾಲಯಕ್ಕೆ ಹೋಗಿ, ದಾರಿಯಲ್ಲಿ ಸಿಕ್ಕವರನ್ನು ಮಾತಾಡಿಸಿ ಬರಲು ಅಷ್ಟು ಹೊತ್ತು ಬೇಕೇ ಬೇಕು. ಲಿಫ್ಟ್ ಇಲ್ಲದ ಮಹಡಿಯ ಹಾಲ್ ಎಷ್ಟೇ ಚೆನ್ನಾಗಿದ್ದರೂ ನನ್ನ ಪಟ್ಟಿಯಲ್ಲಿ ಇಲ್ಲ.

ಕೊರಳಿಗೆ ಹಾಕುವ ಹೆಸರಿನ ಕಾರ್ಡಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಇದನ್ನು ಎಲ್ಲರೂ ಕೊನೇ ದಿನಕ್ಕೆ ಬಿಡುತ್ತಾರೆ. ವಿಶ್ವವಿದ್ಯಾಲಯದ ಲಾಂಛನ ದೊಡ್ಡದಾಗಿ, ಹೆಸರು ಚಿಕ್ಕದಾಗಿ ಇರುವ ಕಾರ್ಡು ಯಾವ ಕೆಲಸಕ್ಕೂ ಬಾರದು. ಮೂವತ್ತು ವರ್ಷ ಆದ ಮೇಲೆ ಮುಖ ಗುರುತು ಸಿಗುವುದಿಲ್ಲ, ಕನ್ನಡಕ ಬೇರೆ ಬಂದಿರುತ್ತದೆ. ನಾವು ಹೆಸರನ್ನು ಎರಡು ಮಾರು ದೂರದಿಂದ ಓದುವಷ್ಟು ದಪ್ಪವಾಗಿ ಹಾಕುತ್ತೇವೆ, ಕೆಳಗೆ ವಿಭಾಗ, ಬ್ಯಾಚ್, ಇದ್ದ ಹಾಸ್ಟೆಲ್. ಈಗಿನ ಹುದ್ದೆ ಹಾಕುವುದಿಲ್ಲ. ಎರಡೂ ಬದಿಗೆ ಒಂದೇ ಅಚ್ಚು, ದಾರ ತಿರುಚಿಕೊಂಡರೆ ಖಾಲಿ ಬದಿಯೇ ಮುಂದೆ ಬರುತ್ತದಲ್ಲ, ಅದಕ್ಕೆ. ನೋಂದಣಿ ಫಾರಂನಲ್ಲಿ 'ಆಗ ನಿಮ್ಮನ್ನು ಏನಂತ ಕರೆಯುತ್ತಿದ್ದರು' ಅಂತ ಒಂದು ಸಾಲು ಇಟ್ಟಿದ್ದೇವೆ. ಮದುವೆ ಆಗಿ ಹೆಸರು ಬದಲಾದವರಿಗೆ ಅದು ಬೇಕು, ಅಡ್ಡಹೆಸರಿನವರಿಗೆ ಇನ್ನೂ ಬೇಕು. ದೊಡ್ಡ ಅಧಿಕಾರಿಯೊಬ್ಬರ ಕಾರ್ಡಿನಲ್ಲಿ 'ಕಡ್ಡಿ' ಅಂತ ಇತ್ತು, ಆಳು ಈಗ ಎರಡು ಕುರ್ಚಿ ತುಂಬುವಷ್ಟಿದ್ದಾರೆ. ಅವತ್ತು ಯಾರೂ ಅವರನ್ನು ಸರ್ ಅನ್ನಲಿಲ್ಲ.

ಸನ್ಮಾನ ಇಲ್ಲ ಅಂದರೆ ಹಿರಿಯರಿಗೆ ಏನು ಮಾಡುತ್ತೀರಿ ಅಂತ ಕೇಳುತ್ತಾರೆ. ಅಮೆರಿಕದ ಎಂಐಟಿಯಲ್ಲಿ ಐವತ್ತು ವರ್ಷ ಆದವರಿಗೆ ಕೆಂಪು ಜಾಕೆಟ್ ಇದೆ. ಪ್ರಿನ್ಸ್‌ಟನ್‌ನ ಮೆರವಣಿಗೆಯಲ್ಲಿ ಇಪ್ಪತ್ತೈದನೇ ವರ್ಷದವರು ಮುಂದೆ, ಅವರ ಹಿಂದೆ ಎಲ್ಲರಿಗಿಂತ ಹಳಬರು, ಆಮೇಲೆ ಹಿರಿತನದ ಪ್ರಕಾರ ಉಳಿದವರು. ಬಂದವರಲ್ಲಿ ಅತಿ ಹಳೆಯ ಬ್ಯಾಚಿನವರ ಕೈಯಲ್ಲಿ 1923ರ ಬ್ಯಾಚಿನ ಹೆಸರಿನ ಬೆತ್ತ. ಕಿರಿಯರು ದಾರಿಯ ಎರಡೂ ಬದಿ ನಿಂತು ಕೂಗಿ ಹುರಿದುಂಬಿಸುತ್ತಾರೆ, ಭಾಷಣದ ಗೊಡವೆಯೇ ಇಲ್ಲ. ನಾವೂ ಶನಿವಾರ ಸಂಜೆ ಮುಖ್ಯ ದ್ವಾರದಿಂದ ಲೈಬ್ರರಿವರೆಗೆ ಹೀಗೇ ನಡೆಯುತ್ತೇವೆ. ನಡೆಯಲಾಗದವರಿಗೆ ಗಾಲಿಕುರ್ಚಿ, ತಳ್ಳಲು ಈಗಿನ ವಿದ್ಯಾರ್ಥಿಗಳು.

ದೇಣಿಗೆಯ ಮಾತು ಆ ಎರಡು ದಿನ ಎತ್ತುವುದಿಲ್ಲ. ಹಣಕಾಸಿನವರ ಜೊತೆ ಇದಕ್ಕೆ ವರ್ಷವರ್ಷ ಚರ್ಚೆ ಆಗುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 1890ರಲ್ಲೇ ಹಳೇ ವಿದ್ಯಾರ್ಥಿಗಳ ನಿಧಿ ಶುರುಮಾಡಿದ್ದರು ಅನ್ನುವುದು ಅವರ ವಾದ. ನಾನು ಅಮೆರಿಕದ್ದೇ ಆದ ವಿಲಿಯಮ್ಸ್ ಕಾಲೇಜಿನ 1821ರ ಕಥೆ ಹೇಳುತ್ತೇನೆ. ಅಧ್ಯಕ್ಷರೇ ಒಂದಿಷ್ಟು ವಿದ್ಯಾರ್ಥಿಗಳನ್ನು ಕರೆದುಕೊಂಡು ಆಮ್‌ಹರ್ಸ್ಟ್ ಊರಿನ ಹೊಸ ಕಾಲೇಜಿಗೆ ಹೋಗಿಬಿಟ್ಟಾಗ, ಕಾಲೇಜು ಮುಚ್ಚೇಹೋಗುತ್ತದೆ ಅಂತ ಹಳೇ ವಿದ್ಯಾರ್ಥಿಗಳು ಸೇರಿ ಸಂಘ ಕಟ್ಟಿದರು. ಅದೇ ಇವತ್ತಿಗೂ ನಡೆಯುತ್ತಿರುವ ಅತಿ ಹಳೆಯ ಹಳೇ ವಿದ್ಯಾರ್ಥಿ ಸಂಘ. ಕಾಲೇಜು ನಮ್ಮದು ಅನ್ನಿಸಿದರೆ ಹಣ ತಾನೇ ಬರುತ್ತದೆ, ಒಂದು ತಿಂಗಳು ತಡೆಯಿರಿ ಅನ್ನುತ್ತೇನೆ. ನೋಂದಣಿಗೆ ಮಾತ್ರ ಸಣ್ಣ ಶುಲ್ಕ ಇದೆ. ಪೂರ್ತಿ ಪುಕ್ಕಟೆ ಅಂದರೆ ಹೆಸರು ಬರೆಸಿ ಬರದವರೇ ಜಾಸ್ತಿ.

ಮುಗಿದ ಮೇಲಿನ ಕೆಲಸ ಸೋಮವಾರವೇ ಆಗಬೇಕು, ವಾರ ಬಿಟ್ಟರೆ ಆಗುವುದಿಲ್ಲ. ಬದಲಾದ ವಿಳಾಸ, ನಂಬರು ತಿದ್ದುವುದು. ಫೋಟೋಗಳನ್ನು ಬ್ಯಾಚ್‌ವಾರು ಹಾಕುವುದು. ಒಪ್ಪಿದ ಮೇಷ್ಟ್ರುಗಳ ಉಪನ್ಯಾಸದ ರೆಕಾರ್ಡಿಂಗ್ ಕಳಿಸುವುದು, ಬರಲಾಗದವರಿಗೂ ಸೇರಿಸಿ. ಜೊತೆಗೆ ಮೂರೇ ಪ್ರಶ್ನೆಗಳ ಒಂದು ಫಾರಂ: ಯಾವ ಉಪನ್ಯಾಸ ಇಷ್ಟವಾಯಿತು, ಯಾರು ಸಿಗದೆ ಬೇಸರವಾಯಿತು, ಮುಂದಿನ ಸಲ ಯಾವ ವಿಷಯ ಕೇಳಬೇಕು. ಎರಡನೆಯದರಲ್ಲಿ ಬಂದ ಹೆಸರುಗಳನ್ನು ಆಯಾ ಬ್ಯಾಚ್‌ನವರಿಗೆ ಕೊಡುತ್ತೇನೆ, ಹುಡುಕಿ ಅಂತ. ಮೂರನೆಯದನ್ನು ಹಿಡಿದುಕೊಂಡು ಮೊದಲ ವರ್ಷದ ಹುಡುಗರ ಹತ್ತಿರ ಹೋಗುತ್ತೇನೆ, ಇದನ್ನು ಚೆನ್ನಾಗಿ ಪಾಠ ಮಾಡುವವರು ಯಾರಿದ್ದಾರೆ ಹೇಳಿ ಅಂತ.