ದೋಸೆ ಹಿಟ್ಟು ಪಾಠವಾಗೋದು ಯಾವಾಗ? ಹೋಂಸ್ಕೂಲ್ ಗಂಟೆ ಬರೆಯುವ ನನ್ನ ಪದ್ಧತಿ

ನಾವು ಇರೋದು ಅಮೆರಿಕದ ಮಿಸ್ಸೂರಿ ರಾಜ್ಯದ ಸೇಂಟ್ ಲೂಯಿಸ್‌ನಲ್ಲಿ. ಮಗಳಿಗೆ 10 ವರ್ಷ, ಮಗನಿಗೆ 7. ಇಬ್ಬರೂ ಮನೆಯಲ್ಲೇ ಕಲಿಯುತ್ತಾರೆ. ಮಗಳದ್ದು ಇದು ಮೂರನೇ ವರ್ಷ. ಹೊಸದಾಗಿ ಶುರು ಮಾಡಿದ ಕನ್ನಡದ ಅಮ್ಮಂದಿರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಒಂದೇ: "ಅಡುಗೆ, ಮಾರ್ಕೆಟ್, ಝೂ, ಇವನ್ನೆಲ್ಲ ಗಂಟೆ ಲೆಕ್ಕಕ್ಕೆ ಹಿಡಿಯಬಹುದಾ?"

ಹಿಡಿಯಬಹುದು. ಆದರೆ ಎಲ್ಲವನ್ನೂ ಅಲ್ಲ.

ಮೊದಲು ಕಾನೂನು. ಮಿಸ್ಸೂರಿಯಲ್ಲಿ ವರ್ಷಕ್ಕೆ 1000 ಗಂಟೆ ಕಲಿಸಬೇಕು. ಅದರಲ್ಲಿ 600 ಗಂಟೆ ಓದು, ಭಾಷೆ, ಗಣಿತ, ಸಮಾಜ, ವಿಜ್ಞಾನಕ್ಕೆ ಸೇರಬೇಕು. ಆ 600ರಲ್ಲೂ 400 ಗಂಟೆ ಮನೆಯಲ್ಲಿ, ಅಂದರೆ ನೀವು ದಿನಾ ಕಲಿಸುವ ಜಾಗದಲ್ಲೇ ಆಗಬೇಕು. ಲೆಕ್ಕದ ವರ್ಷ ಜುಲೈ 1ರಿಂದ ಜೂನ್ 30. ಡೈರಿ, ಮಕ್ಕಳ ಕೆಲಸದ ಮಾದರಿಗಳು, ಮೌಲ್ಯಮಾಪನದ ದಾಖಲೆ, ಮೂರನ್ನೂ ಇಟ್ಟುಕೊಳ್ಳಬೇಕು. ಬೇರೆ ರಾಜ್ಯದಲ್ಲಿದ್ದರೆ ನಿಮ್ಮ ನಿಯಮ ಬೇರೆ. ಪೆನ್ಸಿಲ್ವೇನಿಯಾದಲ್ಲಿ ಸಣ್ಣ ತರಗತಿಗಳಿಗೆ 180 ದಿನ ಅಥವಾ 900 ಗಂಟೆ. ನದಿ ದಾಟಿದರೆ ಸಿಗುವ ಇಲಿನಾಯ್‌ನಲ್ಲಿ ಗಂಟೆ ಲೆಕ್ಕವೇ ಇಲ್ಲ.

1000 ಅಂದಾಗ ಗಾಬರಿಯಾಗುತ್ತದೆ. ಭಾಗಿಸಿ ನೋಡಿ. ವರ್ಷಕ್ಕೆ 50 ವಾರ ಹಿಡಿದರೆ ವಾರಕ್ಕೆ 20 ಗಂಟೆ, ಅಷ್ಟೇ.

ಮೊದಲ ವರ್ಷ ಆ ಗಾಬರಿಯಲ್ಲಿ ನಾನು ಕಂಡದ್ದನ್ನೆಲ್ಲ ಬರೆದೆ. ಬಟ್ಟೆ ಮಡಚಿದ್ದು, ಕಾರಿನಲ್ಲಿ ಕೂತದ್ದು, ಟಿವಿಯಲ್ಲಿ ಪ್ರಾಣಿಗಳ ಕಾರ್ಯಕ್ರಮ ಓಡುತ್ತಿದ್ದದ್ದು. ಡಿಸೆಂಬರ್‌ಗೆ 700 ಗಂಟೆ ದಾಟಿತ್ತು. ಒಂದು ಸಂಜೆ ಮಗಳಿಗೆ ಅರ್ಧಕ್ಕೆ ಕಾಲು ಕೂಡಿಸು ಅಂದೆ. ಅವಳಿಗೆ ಬರಲಿಲ್ಲ. ಡೈರಿಯಲ್ಲಿ ಮಾತ್ರ "ಅಡುಗೆ: ಗಣಿತ" ಅಂತ 60 ಸಲ ಇತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಒಂದೇ ಪ್ರಶ್ನೆ ಇಟ್ಟುಕೊಂಡೆ. ಇವತ್ತು ಈ ಕೆಲಸದಲ್ಲಿ ಮಗು ಹೊಸದಾಗಿ ಏನು ಕಂಡುಕೊಂಡಿತು? ಅದನ್ನು ಒಂದು ವಾಕ್ಯದಲ್ಲಿ ಬರೆಯಲು ಬಂದರೆ ಗಂಟೆ ಬರೆಯುತ್ತೇನೆ. ಬರದಿದ್ದರೆ ಇಲ್ಲ.

ದೋಸೆ ಹಿಟ್ಟನ್ನೇ ತಗೊಳ್ಳಿ. ನಮ್ಮ ಮನೆಯ ಅಳತೆ ಮೂರು ಕಪ್ ಅಕ್ಕಿಗೆ ಒಂದು ಕಪ್ ಉದ್ದು. ಜನವರಿಯಲ್ಲಿ ಒಂದು ದಿನ ಡಬ್ಬದಲ್ಲಿ ಎರಡೂಕಾಲು ಕಪ್ ಅಕ್ಕಿ ಮಾತ್ರ ಉಳಿದಿತ್ತು. ಉದ್ದು ಎಷ್ಟು ಹಾಕಬೇಕು? ಮಗಳು ತುಂಬಾ ಹೊತ್ತು ಯೋಚಿಸಿದಳು. ಆಮೇಲೆ ಕಾಲು ಕಪ್ಪಿನ ಅಳತೆ ಹಿಡಿದು ಅಕ್ಕಿಯನ್ನು ಎಣಿಸುತ್ತಾ ಬಂದಳು. ಒಂಬತ್ತು ಕಾಲು. ಒಂಬತ್ತರಲ್ಲಿ ಮೂರನೇ ಒಂದು ಪಾಲು ಮೂರು. "ಅಮ್ಮಾ, ಮೂರು ಕಾಲು, ಮುಕ್ಕಾಲು ಕಪ್!" ಮುಕ್ಕಾಲು ಎಂಬ ಪದ ಅವಳಿಗೆ ಮೊದಲೇ ಗೊತ್ತಿತ್ತು. ಅದರೊಳಗೆ ಮೂರು ಕಾಲುಗಳಿವೆ ಅಂತ ಅವತ್ತು ಕಂಡಿತು.

ರುಬ್ಬಿದ ಮೇಲೆ ಎರಡು ಒಂದೇ ಥರದ ಗಾಜಿನ ಜಾಡಿ ತೆಗೆದುಕೊಂಡೆವು. ಎರಡರಲ್ಲೂ ಹಿಟ್ಟು ಅರ್ಧಕ್ಕಿಂತ ಕಡಿಮೆ ತುಂಬಿ, ಹಿಟ್ಟಿನ ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಹಾಕಿದೆವು. ಒಂದು ಅಡುಗೆಮನೆ ಕಟ್ಟೆಯ ಮೇಲೆ, 64 ಡಿಗ್ರಿ ಫ್ಯಾರನ್‌ಹೀಟ್. ಇನ್ನೊಂದು ಆಫ್ ಮಾಡಿದ ಓವನ್ನಿನಲ್ಲಿ, ದೀಪ ಮಾತ್ರ ಉರಿಸಿ, 86 ಡಿಗ್ರಿ. ಬೆಳಿಗ್ಗೆ ಓವನ್ನಿನದು ಎರಡು ಪಟ್ಟು ಉಬ್ಬಿತ್ತು. ಕಟ್ಟೆಯ ಮೇಲಿನದು ಬ್ಯಾಂಡ್ ಬಿಟ್ಟು ಕದಲಿರಲಿಲ್ಲ. ಮಗ ಸ್ಕೇಲ್ ಇಟ್ಟು ಅಳೆದ. ಮಗಳು ಡಿಗ್ರಿಗಳನ್ನು ಸೆಲ್ಸಿಯಸ್‌ಗೆ ತಿರುಗಿಸಿದಳು: ಸುಮಾರು 18, ಮತ್ತೆ 30. ಮೈಸೂರಿನ ಅಜ್ಜಿ ಮನೆಯಲ್ಲಿ ಹಿಟ್ಟು ತಾನಾಗೇ ಯಾಕೆ ಉಕ್ಕುತ್ತದೆ ಅಂತ ಅವಳಿಗೇ ಹೊಳೆಯಿತು.

ಇದಕ್ಕೆ ನಾನು ಬರೆದದ್ದು ಗಣಿತ ಅರ್ಧ ಗಂಟೆ, ವಿಜ್ಞಾನ ಒಂದು ಗಂಟೆ. ನೆನೆಹಾಕಿದ ಆರು ಗಂಟೆ, ಉಬ್ಬಲು ಬಿಟ್ಟ ಹನ್ನೆರಡು ಗಂಟೆ ಲೆಕ್ಕಕ್ಕಿಲ್ಲ. ಗಡಿಯಾರ ಹಿಟ್ಟಿಗಲ್ಲ, ಮಗುವಿನ ತಲೆ ಓಡಿದ ಹೊತ್ತಿಗೆ. ಮುಂದಿನ ವಾರ ಅದೇ ಹಿಟ್ಟನ್ನು ಅವಳು ಕಣ್ಣು ಮುಚ್ಚಿ ಮಾಡಿದಳು. ಅದು ಮನೆಕೆಲಸ. ಬರೆಯಲಿಲ್ಲ.

ಹೊರಗಿನ ಕೆಲಸಕ್ಕೂ ಇದೇ ಲೆಕ್ಕ. ಜೊತೆಗೆ ಜಾಗವನ್ನೂ ಬರೆಯಿರಿ. ನಾನು ಮನೆಗೆ "ಮ", ಹೊರಗೆ "ಹೊ" ಅಂತ ಹಾಕುತ್ತೇನೆ, ಯಾಕೆಂದರೆ ಆ 400 ಗಂಟೆಗೆ "ಮ" ಮಾತ್ರ ಸೇರುತ್ತದೆ. ಫಾರೆಸ್ಟ್ ಪಾರ್ಕ್‌ನ ಝೂ, ಆರ್ಟ್ ಮ್ಯೂಸಿಯಂ ಎರಡಕ್ಕೂ ಪ್ರವೇಶ ಉಚಿತ. ಹಾಗಾಗಿ ಸುಮ್ನೆ ಹೋಗಿ ಬರುವುದೂ ಇರುತ್ತದೆ. ಅದನ್ನು ಸುಮ್ನೆ ಹೋದದ್ದು ಅಂತಲೇ ಬಿಡುತ್ತೇನೆ. ಚಳಿಗಾಲದಲ್ಲಿ ಆಲ್ಟನ್ ಹತ್ತಿರ ಮಿಸಿಸಿಪ್ಪಿ ದಡಕ್ಕೆ ಬೋಳುತಲೆ ಹದ್ದುಗಳು ಬರುತ್ತವೆ. ಮಕ್ಕಳು ಎಣಿಸಿ, ಚಿತ್ರ ಬಿಡಿಸಿ, ಇಲ್ಲಿಗೇ ಯಾಕೆ ಬರುತ್ತವೆ ಅಂತ ಓದಿದರು. ಎರಡು ಗಂಟೆ, "ಹೊ". ಕಾರಿನ ಪ್ರಯಾಣ ಬಿಟ್ಟೆ.

ಊರಿಗೆ ಹೋದಾಗಲೂ ಡೈರಿ ಜೊತೆಗಿರಲಿ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಮಗಳಿಗೆ ಮೊಳ ಎಂಬ ಅಳತೆ ಸಿಕ್ಕಿತು. ಮೊಳಕೈಯಿಂದ ಬೆರಳ ತುದಿವರೆಗೆ. "ಹಾಗಾದ್ರೆ ಯಾರ ಕೈ?" ಅಂದಳು. ಮೂರು ಅಂಗಡಿಯಲ್ಲಿ ಒಂದೊಂದು ಮೊಳ ಮಲ್ಲಿಗೆ ಕೊಂಡು, ಮನೆಗೆ ಬಂದು ಟೇಪ್ ಹಿಡಿದೆವು. 44, 40, 46 ಸೆಂಟಿಮೀಟರ್. ಬೆಲೆ ಮೂರೂ ಕಡೆ ಒಂದೇ. ಇಡೀ ಪ್ರಪಂಚಕ್ಕೆ ಒಂದೇ ಮೀಟರ್ ಯಾಕೆ ಬೇಕಾಯಿತು ಅನ್ನೋದನ್ನು ನಾನು ಹೇಳಿಕೊಡಬೇಕಾಗಲಿಲ್ಲ. ಅಜ್ಜಿ ಮಾತ್ರ ಈಗಲೂ ಎರಡನೆಯವರ ಹತ್ತಿರವೇ ಕೊಳ್ಳುತ್ತಾರೆ, ಅದು ಇಪ್ಪತ್ತು ವರ್ಷದ ಪರಿಚಯ. ಗಣಿತ ಒಂದು ಗಂಟೆ, "ಹೊ".

ಕನ್ನಡ ಓದು-ಬರಹವನ್ನು ನಾನು 600ರ ಹೊರಗಿನ 400ಕ್ಕೆ ಹಾಕುತ್ತೇನೆ. ಸಂಗೀತ, ಈಜು, ಹೊಲಿಗೆಯೂ ಅಲ್ಲಿಗೇ. ಮುಖ್ಯ ವಿಷಯಗಳ ಗಂಟೆ ಪುಸ್ತಕ, ಪೆನ್ಸಿಲ್ ಹಿಡಿದು ಕೂತೇ ಬಹುಪಾಲು ತುಂಬಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ದಿನನಿತ್ಯದ ಕೆಲಸ ಪಾಠವನ್ನು ಗಟ್ಟಿ ಮಾಡುತ್ತದೆ. ಪಾಠದ ಜಾಗವನ್ನೇ ತಗೊಳ್ಳಲಾರದು. ಗುಣಾಕಾರ ಬರದ ಮಗು ಅಂಗಡಿಗೆ ನೂರು ಸಲ ಹೋದರೂ ಚೀಲ ಹೊತ್ತು ಬರುತ್ತದೆ, ಅಲ್ವಾ?

ಅನುಮಾನ ಬಂದದ್ದಕ್ಕೆ ಪೆನ್ಸಿಲ್‌ನಲ್ಲಿ ಪ್ರಶ್ನೆಚಿಹ್ನೆ ಹಾಕಿ. ತಿಂಗಳ ಕೊನೆಯ ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಕೇಳಿ. ಕಳೆದ ತಿಂಗಳು ಮಗನ ಲೆಗೋ ಹೀಗೇ ನಿಂತಿತ್ತು. ನಾನು ಆಟ ಅಂದುಕೊಂಡಿದ್ದೆ. ಅವನು ಓಡಿಹೋಗಿ ಸೇತುವೆ ತಂದು ಮೇಜಿನ ಮೇಲಿಟ್ಟ. 1874ರ ಈಡ್ಸ್ ಬ್ರಿಡ್ಜ್ ನೋಡಿ ಬಂದ ಮೇಲೆ ಕಟ್ಟಿದ್ದಂತೆ. "ಚಪ್ಪಟೆ ಮಾಡಿದ್ದು ಮೂರು ಸಲ ಬಿತ್ತು. ಕಮಾನು ಹಾಕಿದ್ಮೇಲೆ ನಿಂತಿತು" ಅಂದ. ಪ್ರಶ್ನೆಚಿಹ್ನೆ ಅಳಿಸಿ ಬರೆದೆ: ವಿಜ್ಞಾನ, 40 ನಿಮಿಷ, "ಮ".