ಪೇಂಟ್ ಬಕೆಟ್ಟಿನ ಗಾಳಿ ಫಿರಂಗಿ

ತಳಕ್ಕೆ ರಂಧ್ರ ಮಾಡಿದ ಬಕೆಟ್ಟಿನ ಬಾಯಿಗೆ ಹಾಳೆ ಕಟ್ಟಿ, ಅದನ್ನು ತಟ್ಟಿ ರಂಧ್ರದಿಂದ ಗಾಳಿಯ ಹೊಡೆತ ಹಾರಿಸುವ ಆಟಿಕೆಯೇ ಗಾಳಿ ಫಿರಂಗಿ. ಅದನ್ನು ಮಾಡಲು ಹೊರಟವರು ಎಡವುವುದು ಹೆಚ್ಚಾಗಿ ಹಿಂಬದಿಯ ಈ ಪ್ಲಾಸ್ಟಿಕ್ ಹಾಳೆಯಲ್ಲಿ. ಅದನ್ನು ತಮಟೆ ಚರ್ಮದಂತೆ ಬಿಗಿದು ಕಟ್ಟುತ್ತಾರೆ. ಢಬ್ ಎಂದು ಸದ್ದೇನೋ ಜೋರಾಗಿ ಬರುತ್ತದೆ, ಮೂರಡಿ ಆಚೆಯ ಮೇಣದಬತ್ತಿ ಮಾತ್ರ ಅಲುಗುವುದೇ ಇಲ್ಲ. ಸರಿಯಾಗಿ ಕಟ್ಟಿದರೆ ಅದೇ ಬಕೆಟ್ ಎರಡು ಮೀಟರ್ ದೂರದ ಬತ್ತಿಯನ್ನು ಆರಿಸುತ್ತದೆ.

ಬೇಕಾದ್ದು: 10 ಲೀಟರಿನ ಖಾಲಿ ಪೇಂಟ್ ಬಕೆಟ್, 50 ಸೆಂ.ಮೀ. ಚೌಕದ ದಪ್ಪ ಪಾಲಿಥೀನ್ ಹಾಳೆ, ಹಳೇ ಸೈಕಲ್ ಟ್ಯೂಬ್, ಒಂದು ಗೋಲಿ, ಗಟ್ಟಿ ದಾರ. ಹಾಳೆಗೆ ಗೊಬ್ಬರದ ಚೀಲದ ಒಳಪದರಕ್ಕಿಂತ ಒಳ್ಳೆಯದು ಸಿಗದು. ಚೆನ್ನಾಗಿ ತೊಳೆದು ಒಣಗಿಸಿ. ತರಕಾರಿ ತರುವ ತೆಳು ಕವರ್ ಹತ್ತು ಹೊಡೆತಕ್ಕೇ ಹರಿಯುತ್ತದೆ. ಬಕೆಟ್ಟಿನೊಳಗೆ ಒಣಗಿ ಕೂತ ಪೇಂಟನ್ನು ಸಿಪ್ಪೆಯಂತೆ ಸುಲಿದು ತೆಗೆಯಿರಿ, ಇಲ್ಲವಾದರೆ ಅದರ ಚೂರುಗಳು ಎದುರಿಗಿದ್ದವರ ಕಣ್ಣಿಗೆ ಹಾರುತ್ತವೆ.

ಮೊದಲು ರಂಧ್ರ. ಬಕೆಟ್ಟಿನ ತಳದಲ್ಲಿ, ಸರಿಯಾಗಿ ನಡುವೆ, 8 ಸೆಂ.ಮೀ. ವ್ಯಾಸದ ವೃತ್ತ ಬರೆದು ಕತ್ತರಿಸಿ. ಕಾಯಿಸಿದ ಚಾಕು ಬಳಸುವುದಾದರೆ ಬಯಲಲ್ಲಿ ಕೂತು ಮಾಡಿ, ಈ ಕೆಲಸ ದೊಡ್ಡವರದೇ. ಕರಗಿ ಗಂಟುಗಟ್ಟಿದ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ, ಬೆರಳಾಡಿಸಿದರೆ ಎಲ್ಲೂ ತಡೆಯದಂತೆ ನುಣುಪು ಮಾಡಬೇಕು. ಗಾಳಿ ಹೊರಬರುವಾಗ ನಡುವಿನದು ವೇಗವಾಗಿ ನುಗ್ಗುತ್ತದೆ, ಅಂಚಿಗೆ ತಾಗಿದ್ದು ಹಿಂದುಳಿದು ಹೊರಕ್ಕೆ ಸುರುಳಿ ಸುತ್ತುತ್ತದೆ. ಹೀಗೆ ತಿರುಗುವ ಬಳೆಯೊಂದು ಕಟ್ಟಿಕೊಂಡು ಮುಂದೆ ಸಾಗುತ್ತದೆ. ಅಂಚು ಒರಟಾಗಿದ್ದರೆ ಬಳೆ ಹುಟ್ಟುವಾಗಲೇ ಮುರಿಯುತ್ತದೆ, ರಂಧ್ರ ಮೊಟ್ಟೆಯಾಕಾರವಾದರೆ ತೂರಾಡುತ್ತಾ ಹೋಗುತ್ತದೆ.

ಇನ್ನು ಹಾಳೆ. ಅವಸರ ಬೇಡ. ಹಾಳೆಯ ನಡುವಿಗೆ ಒಳಗಡೆಯಿಂದ ಗೋಲಿ ಇಟ್ಟು, ಹೊರಗಡೆಯಿಂದ ಅದರ ಕುತ್ತಿಗೆಗೆ ದಾರ ಸುತ್ತಿ ಬಿಗಿಯಿರಿ. ಹಿಡಿದೆಳೆಯಲು ಇದೇ ಗುಬುಟು. ಇನ್ನು ಹಾಳೆಯನ್ನು ಬಕೆಟ್ ಬಾಯಿಯ ಮೇಲೆ ಹರಡಿ, ನಡುವೆ ಒಂದು ಮೂಸಂಬಿ ಇಡಿ. ಹಣ್ಣು ಮುಕ್ಕಾಲು ಪಾಲು ಒಳಗೆ ಇಳಿಯುವಷ್ಟು, ಅಂದರೆ ಸುಮಾರು 5 ಸೆಂ.ಮೀ. ಜೋಲು ಬಿಡಿ. ಪಾಲಿಥೀನ್ ರಬ್ಬರಿನಂತೆ ಹಿಗ್ಗುವುದಿಲ್ಲ, ಒಳಗೂ ಹೊರಗೂ ಆಡಲು ಈ ಜೋಲೇ ಆಧಾರ. ಗೋಲಿಯನ್ನು 5 ಸೆಂ.ಮೀ. ಹಿಂದಕ್ಕೆ ಎಳೆದು ಅಷ್ಟೇ ಒಳಕ್ಕೆ ನೂಕಿದರೆ ಹೆಚ್ಚುಕಡಿಮೆ ಒಂದೂವರೆ ಲೀಟರ್ ಗಾಳಿ ಹೊರಬೀಳುತ್ತದೆ. 8 ಸೆಂ.ಮೀ. ರಂಧ್ರದ ಮಟ್ಟಿಗೆ ಅದು ಹತ್ತಿರಹತ್ತಿರ 30 ಸೆಂ.ಮೀ. ಉದ್ದನೆಯ ಗಾಳಿಗಂಬ, ವ್ಯಾಸದ ಸುಮಾರು ನಾಲ್ಕು ಪಟ್ಟು. ಅದಕ್ಕಿಂತ ಹೆಚ್ಚು ನೂಕಿದ ಗಾಳಿ ಬಳೆಗೆ ಸೇರುವುದಿಲ್ಲ, ಬಾಲದಂತೆ ಹಿಂದೆ ಉಳಿದುಬಿಡುತ್ತದೆ. ಇನ್ನೂ ಜೋಲು ಬಿಟ್ಟರೆ ಇನ್ನೂ ದೂರ ಹೋಗುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯದು.

ಕಟ್ಟುವಾಗ ಟೇಪ್ ನೆಚ್ಚಬೇಡಿ. ಬ್ರೌನ್ ಟೇಪ್ ಪಾಲಿಥೀನಿಗೆ ಒಂದು ದಿನ ಹಿಡಿಯುತ್ತದೆ, ಮರುದಿನ ಸುಕ್ಕಿನ ಜಾಗದಿಂದ ಏಳುತ್ತದೆ. ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಎರಡು ಬೆರಳಗಲದ ಪಟ್ಟಿ ಮಾಡಿ, ಎಳೆದೆಳೆದು ಬಕೆಟ್ ಅಂಚಿನ ಕೆಳಗೆ ಮೂರು ಸುತ್ತು ಸುತ್ತಿ. ಕ್ಯಾರಿಯರ್‌ಗೆ ಮೂಟೆ ಕಟ್ಟುವ ಹಾಗೆ. ಎರಡನೇ ಸುತ್ತಿನ ನಂತರ ನಿಂತು, ಮೂಸಂಬಿ ಇಟ್ಟು ಜೋಲನ್ನು ಮತ್ತೊಮ್ಮೆ ನೋಡಿ; ಸುತ್ತುವಾಗ ಹಾಳೆ ಜಾರಿ ಬಿಗಿಯಾಗುವುದು ಸಾಮಾನ್ಯ. ಹಿಡಿಕೆಯ ಕಿವಿಗಳ ಬಳಿ ಹಾಳೆ ಎದ್ದು ಗಾಳಿ ಸೋರುತ್ತದೆ, ಪಟ್ಟಿ ಅವುಗಳಿಗಿಂತ ಮೇಲೆ ಕೂರಲಿ.

ಹೊಡೆಯುವುದು ಸುಲಭ: ಗುಬುಟು ಎಳೆದು ಬಿಟ್ಟು, ಕೂಡಲೇ ಅಂಗೈಯಿಂದ ಚಟ್ಟನೆ ತಟ್ಟಿ. ನಿಧಾನವಾಗಿ ಒತ್ತಿದರೆ ಬರೀ ಉಸಿರು ಬರುತ್ತದೆ.

ಬಳೆ ಕಣ್ಣಿಗೆ ಕಾಣಬೇಕೆಂದರೆ ಹೊಗೆ ತುಂಬಿ. 1867ರಲ್ಲಿ ಎಡಿನ್‌ಬರೋದ ಪ್ರೊಫೆಸರ್ ಪೀಟರ್ ಟೇಟ್ ಪೆಟ್ಟಿಗೆಯ ಹಿಂಬದಿಗೆ ಟವೆಲ್ ಬಿಗಿದು ಹೊಗೆಬಳೆ ಹಾರಿಸಿ ತೋರಿಸಿದಾಗ, ಹೊಗೆಗಾಗಿ ಬಳಸಿದ್ದು ಅಮೋನಿಯ ಮತ್ತು ಆಮ್ಲ. ನಮಗೆ ಧೂಪದ ಕಡ್ಡಿ ಸಾಕು. ಸ್ಟೀಲ್ ತಟ್ಟೆಯಲ್ಲಿ ನಾಲ್ಕು ಕಡ್ಡಿ ಹಚ್ಚಿ, ಬಕೆಟ್ಟಿನ ರಂಧ್ರ ಕೆಳಗೆ ಬರುವಂತೆ ಒಂದು ಗೇಣು ಮೇಲೆ ಅರ್ಧ ನಿಮಿಷ ಹಿಡಿಯಿರಿ. ಉರಿಯುವ ಕಡ್ಡಿಯನ್ನು ಒಳಗಿಟ್ಟರೆ ಹಾಳೆ ತೂತಾಗುತ್ತದೆ. ಕರ್ಪೂರ ಬೇಡವೇ ಬೇಡ, ಮಸಿ ಹಿಡಿಯುತ್ತದೆ.

ಫ್ಯಾನ್ ಆರಿಸಿ. ಎಷ್ಟೋ ಮನೆಗಳಲ್ಲಿ ಫಿರಂಗಿಯ ದೋಷ ಎಂದುಕೊಂಡದ್ದು ತಲೆಮೇಲಿನ ಫ್ಯಾನಿನ ದೋಷ.

ಬಕೆಟ್ ಕತ್ತರಿಸುವಷ್ಟು ವ್ಯವಧಾನವಿಲ್ಲದವರು ಪೇಪರ್ ಲೋಟದ ತಳಕ್ಕೆ 2 ಸೆಂ.ಮೀ. ತೂತು ಮಾಡಿ, ಬಾಯಿಗೆ ಕುತ್ತಿಗೆ ಕತ್ತರಿಸಿದ ಬಲೂನ್ ಎಳೆದು ಕೂರಿಸಬಹುದು. ಬಲೂನ್ ಹಿಗ್ಗುವುದರಿಂದ ಅಲ್ಲಿ ಜೋಲು ಬೇಕಿಲ್ಲ, ಬಿಗಿಯಾಗಿಯೇ ಇರಲಿ. ಅಂಗೈ ಮೇಲಿನ ಕಾಗದದ ಚೂರು ಹಾರಿಸಲು ಅಷ್ಟು ಸಾಕು. ಯಾವುದೇ ಆಗಲಿ, ಕಿವಿಯ ಹತ್ತಿರ ಹಿಡಿದು ಹೊಡೆಯಬಾರದು, ಒಳಗೆ ಕಲ್ಲು ಕಾಳು ಹಾಕಬಾರದು.