ಕಾಡಿನ ಮಕ್ಕಳನ್ನು ಎಣಿಸುವುದು ಹೇಗೆ?

ಬೊರಿವಲಿಯಲ್ಲಿ ಲೋಕಲ್ ಇಳಿದು ಪೂರ್ವಕ್ಕೆ ಸ್ವಲ್ಪ ನಡೆದರೆ ಸಾಕು, ಕಾಡು. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ, ಸುಮಾರು 104 ಚದರ ಕಿಲೋಮೀಟರ್. ಊರಿಂದ ಬಂದ ನೆಂಟರನ್ನು ಮಳೆಗಾಲದಲ್ಲಿ ಕನ್ಹೇರಿ ಗುಹೆಗೆ ಕರೆದುಕೊಂಡು ಹೋದರೆ ಎಲ್ಲರದೂ ಒಂದೇ ಮಾತು: "ಅಬ್ಬಾ, ಮುಂಬೈಯಲ್ಲಿ ಇಷ್ಟು ಹಸಿರಾ!" ನಾನೂ ಬಹಳ ವರ್ಷ ಹಾಗೇ ತಲೆ ಎತ್ತಿ ನೋಡಿದವನು. ಆದರೆ ಮೇಲೆ ಕಾಣುವುದೆಲ್ಲ ಅಜ್ಜ ಅಜ್ಜಿಯರ ಹಸಿರು. ಅವರ ನಂತರ ಯಾರು ಅಂತ ತಿಳಿಯಬೇಕಾದರೆ ಮೊಣಕಾಲಿಗಿಂತ ಕೆಳಗೆ ನೋಡಬೇಕು, ಅಲ್ಲಿನ ಸಸಿಗಳನ್ನು ಎಣಿಸಬೇಕು.

ಇದಕ್ಕೆ ವಿಜ್ಞಾನಿಯೇ ಆಗಬೇಕಿಲ್ಲ. ಹಗ್ಗ, ದರ್ಜಿಯ ಟೇಪು, ನೋಟ್‌ಬುಕ್ಕು ಸಾಕು. ಜೊತೆಗೆ ಕೂತು ಎದ್ದು ಮಾಡಬಲ್ಲ ಸೊಂಟ.

ಜಾಗ ಆರಿಸಿಕೊಳ್ಳಿ

ರಾಷ್ಟ್ರೀಯ ಉದ್ಯಾನದೊಳಗೆ ದಾರಿ ಬಿಟ್ಟು ಇಳಿಯುವಂತಿಲ್ಲ. ಅಲ್ಲಿ ಅಳತೆ ಮಾಡಲು ಅರಣ್ಯ ಇಲಾಖೆಯ ಅನುಮತಿ ಬೇಕು. ನಾವು ಕೆಲವು ಕನ್ನಡಿಗರು, ಬೆಳಗಿನ ವಾಕಿಂಗ್ ಗುಂಪಿನವರು, ಎಣಿಸಿದ್ದು ನಮ್ಮ ಕಾಲನಿಯ ಹಿಂದಿನ ಗುಡ್ಡದಲ್ಲಿ. ನಿಮಗೂ ಅಂಥದ್ದೊಂದು ಗುಡ್ಡ ಸಿಗಬಹುದು. ಅದು ಯಾರ ಜಾಗ ಅಂತ ಮೊದಲು ಕೇಳಿಕೊಳ್ಳಿ. ಬಿಸಿಲು ಬಂದ ಮೇಲೆ ಹೋಗಿ. ಒಬ್ಬರು ಕೂತು ಎಣಿಸುವಾಗ ಇನ್ನೊಬ್ಬರು ನಿಂತೇ ಇರಲಿ. ಈ ಭಾಗದಲ್ಲಿ ಚಿರತೆ ಇದೆ, ಕೂತ ಮನುಷ್ಯ ಅದಕ್ಕೆ ಮನುಷ್ಯನ ಹಾಗೆ ಕಾಣುವುದಿಲ್ಲ.

ಎರಡು ಜಾಗ ಬೇಕು. ಒಂದು ಜನ ಓಡಾಡುವ ಕಾಲುದಾರಿಯ ಪಕ್ಕ. ಇನ್ನೊಂದು ಅದೇ ಇಳಿಜಾರಿನಲ್ಲಿ, ಅದೇ ಥರದ ಮಣ್ಣಿನಲ್ಲಿ, ಆದರೆ ಜನ ಹೋಗದ ಒಳಗೆ. ಹೋಲಿಕೆ ಇಲ್ಲದೆ ಎಣಿಸಿದರೆ ಸುಮ್ನೆ ಲೆಕ್ಕ ಆಗುತ್ತದೆ, ಅಷ್ಟೇ.

ಚೌಕ ಹಾಕಿ

ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಚೌಕ ಮರಗಳಿಗೆ. ಅದರೊಳಗೆ ಐದು ಮೀಟರಿನದು ಎಳೆ ಮರಗಳಿಗೆ. ಒಂದು ಮೀಟರಿನ ಪುಟ್ಟ ಚೌಕಗಳು ಸಸಿಗಳಿಗೆ, ಇವನ್ನು ನಾಲ್ಕೈದು ಕಡೆ ಹಾಕಿ. ಎದೆಮಟ್ಟದಲ್ಲಿ, ಅಂದರೆ ನೆಲದಿಂದ 1.3 ಮೀಟರ್ ಮೇಲೆ, ಕಾಂಡದ ಸುತ್ತಳತೆ ನೋಡಿ. 30 ಸೆಂಟಿಮೀಟರ್ ದಾಟಿದರೆ ಮರ. 10ರಿಂದ 30 ಎಳೆ ಮರ. ಅದಕ್ಕೂ ಕಡಿಮೆ ಇದ್ದರೆ ಸಸಿ. ಹೆಸರು ಗೊತ್ತಿಲ್ಲದಿದ್ದರೆ ಎಲೆಯ ಚಿತ್ರ ಬಿಡಿಸಿ "ಗೊತ್ತಿಲ್ಲದ್ದು 1" ಅಂತ ಬರೆಯಿರಿ. ನಮ್ಮ ನೋಟ್‌ಬುಕ್ಕಿನ ಅರ್ಧ ಅದೇ ಇತ್ತು.

ನಾನು ಎಡವಿದ್ದು

ಮೊದಲ ದಿನ ಕಾಲುದಾರಿ ಪಕ್ಕ ಸಾಗುವಾನಿ ಸಸಿ ಸಾಲುಸಾಲಾಗಿ ಸಿಕ್ಕಿತು. ಎಳೆ ಎಲೆ ಉಜ್ಜಿದರೆ ಬೆರಳು ಕೆಂಪಗಾಗುತ್ತದೆ, ಗುರುತು ಸುಲಭ. ಕೆಂಪು ಬೆರಳಿನಲ್ಲೇ ಖುಷಿಯಿಂದ ಗೀಟು ಹಾಕಿದೆ. ಗುಂಪಿನಲ್ಲಿ ಒಬ್ಬರು ಶಿರಸಿ ಕಡೆಯವರು. ಅವರು ಬಂದು ಬುಡದ ತರಗೆಲೆ ಸರಿಸಿದರು. ಕೆಳಗೆ ಕಡಿದ ಹಳೇ ಬೊಡ್ಡೆ! ನಾನು ಮಕ್ಕಳು ಅಂದುಕೊಂಡಿದ್ದು ಅದೇ ಮುದುಕನ ಚಿಗುರು. ಅಷ್ಟೂ ಗೀಟು ಹೊಡೆದುಹಾಕಿದೆವು.

ಆದ್ದರಿಂದ ಪ್ರತಿ ಸಸಿಯ ಬುಡ ಮುಟ್ಟಿ ನೋಡಿ. ಬೊಡ್ಡೆಯ ಚಿಗುರಿಗೆ ಬೇರೆ ಕಾಲಂ ಇಡಿ. ಕಡಿತ, ಬೆಂಕಿ ಜಾಸ್ತಿ ಇರುವ ಕಡೆ ಕಾಡು ಹೀಗೆಯೇ ಬಡವಾಗುತ್ತದೆ. ಸಾಗುವಾನಿ ಕಡಿದರೂ ಚಿಗುರುತ್ತದೆ, ಮೇಲ್ಭಾಗ ಸುಟ್ಟರೂ ಬೇರಿನಿಂದ ಏಳುತ್ತದೆ. ತೆಳು ತೊಗಟೆಯ ಎಷ್ಟೋ ಸಸಿಗಳಿಗೆ ಆ ಶಕ್ತಿ ಇಲ್ಲ. ವರ್ಷ ವರ್ಷ ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿ ಬಿದ್ದರೆ ಕೊನೆಗೆ ಉಳಿಯುವುದು ಅಂಥ ಗಟ್ಟಿಗರು ಮಾತ್ರ. ಕಾಡು ಇರುತ್ತದೆ, ಬಗೆ ಇರುವುದಿಲ್ಲ.

ಲೆಕ್ಕ ಓದುವುದು

ಒಂದು ಜಾತಿಯಲ್ಲಿ ಸಸಿ ಹೆಚ್ಚು, ಎಳೆ ಮರ ಅದಕ್ಕಿಂತ ಕಡಿಮೆ, ದೊಡ್ಡ ಮರ ಇನ್ನೂ ಕಡಿಮೆ ಇದ್ದರೆ ಆ ಸಂಸಾರ ಸುಖವಾಗಿದೆ. ದೊಡ್ಡ ಮರ ಮಾತ್ರ ಇದ್ದರೆ ಅದು ವೃದ್ಧಾಶ್ರಮ. ಸಸಿಯೂ ಇದೆ, ಮರವೂ ಇದೆ, ನಡುವಿನ ಪೀಳಿಗೆ ಮಾತ್ರ ಕಾಣೆ ಅಂದರೆ? ಕೈಮಣಿಕಟ್ಟು ದಪ್ಪದ ಕೋಲನ್ನು ಯಾರೋ ಒಯ್ಯುತ್ತಿರಬಹುದು. ಸೌದೆಗೆ, ಬೇಲಿಗೆ, ಗಣಪತಿ ಮಂಟಪಕ್ಕೂ ಬೇಕಾಗುವುದು ಅದೇ ಅಳತೆಯದು, ಅಲ್ವಾ? ಮೇಯುವ ದನ ಆಡು ಇದ್ದರೆ ಹೊಡೆತ ಇನ್ನೂ ಕೆಳಗೆ, ಸಸಿಗೇ ಬೀಳುತ್ತದೆ.

ಒಟ್ಟು ಸಂಖ್ಯೆ ನಂಬಬೇಡಿ, ಜಾತಿವಾರು ನೋಡಿ. ನಮಗೆ ಇಲ್ಲೊಂದು ಗೊಂದಲ ಆಯಿತು. ದಾರಿ ಪಕ್ಕದ ಚೌಕದಲ್ಲೇ ಜಾತಿಗಳು ಜಾಸ್ತಿ ಇದ್ದವು! ಅದು ಅಪರೂಪವೇನಲ್ಲ. ತೀರಾ ಕಡಿಮೆಯೂ ಅಲ್ಲದ, ತೀರಾ ಹೆಚ್ಚೂ ಅಲ್ಲದ ಗಲಾಟೆ, ಅಂದರೆ ಕಡಿತ, ಬೆಂಕಿ, ತುಳಿತದಂಥದ್ದು, ಇರುವ ಕಡೆ ಜಾತಿಗಳ ಸಂಖ್ಯೆ ಏರುತ್ತದೆ ಅಂತ ಪರಿಸರ ವಿಜ್ಞಾನಿ ಜೋಸೆಫ್ ಕಾನೆಲ್ 1978ರಲ್ಲೇ ವಾದಿಸಿದ್ದರು. ಆ ವಾದದ ಮೇಲೆ ಇವತ್ತಿಗೂ ಜಗಳ ಇದೆ. ನಾವು ಮಾಡಿದ್ದಿಷ್ಟು: ಬಂದವರು ಯಾರು ಅಂತ ಪಟ್ಟಿ ನೋಡಿದೆವು. ಲಂಟಾನ, ಗೊಬ್ಬರದ ಗಿಡ, ಬಿಸಿಲು ಬೇಡುವ ಕಳೆಗಳು. ಲಂಟಾನ, ಗೊಬ್ಬರದ ಗಿಡ ಎರಡೂ ಅಮೆರಿಕ ಖಂಡದಿಂದ ಬಂದವು. ಲಂಟಾನದ ಎಲೆ ದನ ಸಾಮಾನ್ಯವಾಗಿ ಮುಟ್ಟುವುದಿಲ್ಲ, ಹಣ್ಣನ್ನು ಪಿಕಳಾರ ತಿಂದು ಎಲ್ಲೆಡೆ ಬಿತ್ತುತ್ತದೆ. ಒಳಗಿನ ಚೌಕದಲ್ಲಿ ಮತ್ತಿ, ಕವಲು, ಕಕ್ಕೆ ಇದ್ದವು. ಎಲ್ಲಕ್ಕೂ ಒಂದೊಂದೇ ಗೀಟು, ಆದರೆ ತೂಕ ಒಂದೇ ಅಲ್ಲ.

ದೊಡ್ಡ ಬೀಜದವರ ಕಷ್ಟ ಬೇರೆ. ಹಲಸಿನ ಬೀಜ ಒಣಗಿಸಿಟ್ಟು ಮುಂದಿನ ವರ್ಷ ನೆಟ್ಟು ನೋಡಿ, ಹುಟ್ಟುವುದಿಲ್ಲ. ಮಾವಿನದೂ ಹಾಗೆಯೇ. ಮಳೆಕಾಡಿನ ಎಷ್ಟೋ ಮರಗಳ ಬೀಜ ಇದೇ ಥರದ್ದು. ಬಿದ್ದ ಕೂಡಲೇ ತೇವ, ನೆರಳು ಬೇಕು. ಹೊತ್ತು ದೂರ ಹಾಕಲು ಮಂಗಟ್ಟೆ ಹಕ್ಕಿ, ಪುನುಗು ಬೆಕ್ಕು, ಬಾವಲಿ ಬೇಕು. ಬೇಟೆಯಿಂದ ಅವು ಹೋದರೆ, ಒಂದು ಮರ ಕಡಿಯದೆಯೂ ಸಂತಾನ ನಿಲ್ಲುತ್ತದೆ.

2019ರ ಅಕ್ಟೋಬರ್‌ನಲ್ಲಿ ಇದೇ ಉದ್ಯಾನದ ಪಕ್ಕದ ಆರೆ ಕಾಡಿನಲ್ಲಿ ಮೆಟ್ರೊ ಕಾರ್ ಶೆಡ್‌ಗೆ ಎರಡು ಸಾವಿರಕ್ಕೂ ಹೆಚ್ಚು ಮರ ಉರುಳಿದಾಗ ಮುಂಬೈ ಎಲ್ಲ ಬೀದಿಗೆ ಬಂತು. ಬರಲೇಬೇಕಿತ್ತು. ಸಸಿ ತುಳಿದಾಗ ಯಾರೂ ಬರುವುದಿಲ್ಲ. ಒಂದು ಜುಲೈಯಲ್ಲಿ ನಾವೇ ಸಂಘವೊಂದರ ಜೊತೆ ಗಿಡ ನೆಡಲು ಹೋಗಿದ್ದೆವು. ನೆಡುವ ಮೊದಲು ಜಾಗ "ಕ್ಲೀನ್" ಮಾಡಿದೆವು, ಕತ್ತಿಯಲ್ಲಿ ಸವರಿ. ಏನೇನು ಸವರಿದೆವೋ! ನೆಟ್ಟಿದ್ದು ಗುಲ್‌ಮೊಹರ್, ಅದೂ ಹೊರದೇಶದ ಮರ.

ಕಾರ್ವಿಯ ವಿಚಾರ ಮರೆಯಬಾರದು. ನೀಲಕುರಿಂಜಿಯ ಬಳಗದ ಪೊದೆ ಇದು. ಎಂಟು ವರ್ಷಕ್ಕೊಮ್ಮೆ ಹೂ ಬಿಟ್ಟು ಸಾಯುತ್ತದೆ. ಇಲ್ಲಿ 2016ರಲ್ಲಿ, ಮತ್ತೆ 2024ರಲ್ಲಿ ಅರಳಿತ್ತು. ವಾರಲಿ ಆದಿವಾಸಿಗಳು ಅದರ ಕಡ್ಡಿಗೆ ಮಣ್ಣು ಮೆತ್ತಿ ಗೋಡೆ ಕಟ್ಟುತ್ತಾರೆ. ಹೂವಿನ ವರ್ಷ ಬೀಜ ಬಲಿಯುವ ಮುಂಚೆ ಪೊದೆಗೆ ನುಗ್ಗಿ ಸೆಲ್ಫಿ ತೆಗೆದರೆ ಎಂಟು ವರ್ಷದ ಗಂಟು ಮಣ್ಣುಪಾಲು.

ಎರಡು ಸಲ ಎಣಿಸಿ

ಮೊದಲ ಎಣಿಕೆ ಅಕ್ಟೋಬರ್‌ನಲ್ಲಿ, ಎರಡನೆಯದು ಮೇಯಲ್ಲಿ, ಅದೇ ಚೌಕದಲ್ಲಿ. ಮಳೆಗೆ ಹುಟ್ಟಿದ ಸಸಿಗಳಲ್ಲಿ ಬಹುಪಾಲು ಬೇಸಿಗೆ ದಾಟುವುದಿಲ್ಲ. ಎಷ್ಟು ದಾಟಿದವು ಎಂಬುದೇ ನಿಜವಾದ ಲೆಕ್ಕ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮುದುಮಲೈಯಲ್ಲಿ 50 ಹೆಕ್ಟೇರ್ ಕಾಡು ಗುರುತು ಮಾಡಿ, ಒಂದು ಸೆಂಟಿಮೀಟರ್ ದಪ್ಪದ ಗಿಡಕ್ಕೂ ನಂಬರ್ ಕಟ್ಟಿ 1988ರಿಂದ ಲೆಕ್ಕ ಇಟ್ಟಿದ್ದಾರೆ. ನಮ್ಮದು ಅದರ ಮುಂದೆ ಮಕ್ಕಳಾಟ.

ಮೇಯಲ್ಲಿ ಎಲೆ ಇಲ್ಲದ ಕಡ್ಡಿ ಕಂಡರೆ ಸತ್ತಿದೆ ಅಂತ ಬರೆದುಬಿಡಬೇಡಿ. ನಮ್ಮ ಒಳಗಿನ ಚೌಕದಲ್ಲಿ ಮತ್ತಿಯ ಸಸಿಯೊಂದು ಹಾಗೇ ಒಣಗಿ ನಿಂತಿತ್ತು. ಉಗುರಿನಿಂದ ಒಂಚೂರು ಕೆರೆದೆ. ಒಳಗೆ ಹಸಿರಿತ್ತು. ಗೀಟು ಹಾಕಿದೆ.